ಎರಡನೇ ಸಿಎನ್‌ಸಿ ಲೇಥ್ ತಗೋಬೇಕೋ ಬ್ಯಾಡೋ? ಲೆಕ್ಕ ಹೆಂಗ ಹಾಕೋದು ಹೇಳ್ರಿ

ತಾರಿಹಾಳ ವಾಲ್ವ್

ಎಲ್ಲಾರಿಗೂ ನಮಸ್ಕಾರ. ಹುಬ್ಬಳ್ಳಿ ತಾರಿಹಾಳದಾಗ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಐತಿ. ಹನ್ನೊಂದು ಮಂದಿ ಇದ್ದೀವಿ. ಎರಡಿಂಚಿನ ಗೇಟ್ ವಾಲ್ವ್, ಗ್ಲೋಬ್ ವಾಲ್ವ್ ಮಾಡ್ತೀವಿ. ಕಾಸ್ಟಿಂಗ್ (ಎರಕ ಹೊಯ್ದ ಬಾಡಿ) ಬೆಳಗಾವಿಯಿಂದ ಬರ್ತಾವ. ಟರ್ನಿಂಗ್ (ಲೇಥ್ ಮ್ಯಾಲ ತಿರುಗಿಸಿ ಕೊರೆಯೋದು), ಲ್ಯಾಪಿಂಗ್ (ತಿಕ್ಕಿ ನುಣ್ಣಗ ಮಾಡೋದು), ಹೈಡ್ರೋ ಟೆಸ್ಟ್ (ನೀರಿನ ಒತ್ತಡ ಹಾಕಿ ಸೋರ್ತೈತೇನು ನೋಡೋದು) ಎಲ್ಲಾ ನಮ್ಮಲ್ಲೇ.

ಸಿಎನ್‌ಸಿ ಲೇಥ್ (ಕಂಪ್ಯೂಟರ್ ನಡಸೋ ಲೇಥ್) ಇರೋದು ಒಂದ. ಅದರ ಮುಂದ ಯಾವಾಗ ನೋಡಿದ್ರೂ ಕಾಸ್ಟಿಂಗ್ ರಾಶಿ ಬಿದ್ದಿರ್ತೈತಿ. ಮಾಲು ತಡಾ ಆತು ಅಂತ ಗಿರಾಕಿ ಫೋನ್ ಬರಾಕ ಹತ್ತ್ಯಾವ. ಮಷಿನ್ ಮಾರೋವ್ರು ಬಂದು "ಇನ್ನೊಂದು ಲೇಥ್ ಹಾಕ್ರಿ, ಮುಂದ ದೊಡ್ಡ ಆರ್ಡರ್ ಬರೋದೈತಿ" ಅಂದು ಕೊಟೇಶನ್ ಇಟ್ಟು ಹೋಗ್ಯಾರ. 22 ಲಕ್ಷ. ಐದು ವರ್ಷಕ್ಕ ಶೇ. 11ರ ಬಡ್ಡಿಯಾಗ ಸಾಲ ತಗೊಂಡ್ರ ತಿಂಗಳಾ ಸುಮಾರು ₹47,800 ಕಂತು. ಅಪ್ಪಾರು "ಸಾಲ ಬ್ಯಾಡ" ಅಂತಾರ, ತಮ್ಮ "ಈಗಿಲ್ಲಾಂದ್ರ ಯಾವಾಗ" ಅಂತಾನ. ಇಬ್ಬರ ನಡುವ ನನಗ ನಿದ್ದಿ ಇಲ್ಲ. ಡಿಪ್ಲೊಮಾ ಓದುವಾಗ ಇಂಥಾ ನಿರ್ಧಾರಕ್ಕ ಲೆಕ್ಕದ ದಾರಿ ಐತಿ ಅಂತ ಓದಿದ್ದ ನೆನಪು. ಗೊತ್ತಿದ್ದವರು ಕೈ ಹಿಡೀರಿ.

ಬೇಲೂರು ಪ್ಲಾನಿಂಗ್

ಅಣ್ಣಾ, ನಾನು ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಾಗ ಪ್ಲಾನಿಂಗ್ ಸೆಕ್ಷನ್‌ನಾಗ ಅದೀನಿ. ಮಷಿನ್ ಮುಂದ ಅಷ್ಟು ರಾಶಿ ಇದ್ರ ತಗೊಂಡ್ ಬಿಡ್ರಿ ಅಂತೀನಿ. ಮಷಿನ್ ಎಂದೂ ವೇಸ್ಟ್ ಆಗಂಗಿಲ್ಲ.

ವಿದ್ಯಾನಗರ ಮೇಡಂ

ತಾರಿಹಾಳ ಸರ್, ಅವಸರ ಮಾಡಬೇಡಿ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಷನ್ಸ್ ರೀಸರ್ಚ್, ಅಂದರೆ ಇಂಥ ನಿರ್ಧಾರಗಳ ಲೆಕ್ಕ, ಕಲಿಸ್ತೀನಿ. ನಾಲ್ಕು ವಿಷಯ ಬೇಕು. ಒಂದು ವಾಲ್ವ್‌ಗೆ ಲೇಥ್ ಮೇಲೆ ಎಷ್ಟು ನಿಮಿಷ? ಹೈಡ್ರೋ ಟೆಸ್ಟ್ ಮಾಡೋ ಬೆಂಚ್ ಮೇಲೆ ಎಷ್ಟು? ಕಾಸ್ಟಿಂಗ್, ನಟ್ ಬೋಲ್ಟು, ಪ್ಯಾಕಿಂಗ್, ಕರೆಂಟ್ ಕಳೆದು ಒಂದು ವಾಲ್ವ್‌ಗೆ ಕೈಯಲ್ಲಿ ಉಳಿಯೋದೆಷ್ಟು? ವಾರಕ್ಕೆ ಎರಡೂ ಜಾಗ ನಿಜವಾಗಿ ಎಷ್ಟು ಗಂಟೆ ಸಿಗುತ್ತವೆ? ರಿಜಿಸ್ಟರ್ ನೋಡಿ ಬರೀಬೇಡಿ, ಗಡಿಯಾರ ಹಿಡಿದು ನಿಂತು ಬರೀರಿ.

ತಾರಿಹಾಳ ವಾಲ್ವ್

ಮೇಡಮ್ಮಾರ, ಮೂರು ದಿನ ನಿಂತು ಬರ್ಕೊಂಡೆ. ಲೆಕ್ಕಕ್ಕ ಸಲೀಸಾಗ್ಲಿ ಅಂತ ಸ್ವಲ್ಪ ದುಂಡು ಮಾಡೇನಿ.

ಗೇಟ್ ವಾಲ್ವ್‌ಗೆ ಲೇಥ್ ಮ್ಯಾಲ 40 ನಿಮಿಷ, ಬೆಂಚ್ ಮ್ಯಾಲ 20. ಉಳಿಯೋದು ₹600. ಗ್ಲೋಬ್‌ಗೆ ಲೇಥ್ 30, ಬೆಂಚ್ 30, ಉಳಿಯೋದು ₹700. ಗ್ಲೋಬ್‌ಗೆ ಬೆಂಚ್ ಯಾಕ ಜಾಸ್ತಿ ಅಂದ್ರ ಅದರ ಡಿಸ್ಕ್ ಲ್ಯಾಪಿಂಗ್‌ನೂ ಟೆಸ್ಟ್ ಮಾಡೋ ಅಜ್ಜಾರ ಅಲ್ಲೇ ಕುಂತು ಮಾಡ್ತಾರ. ಲೇಥ್ ಎರಡು ಪಾಳಿ, ಆರು ದಿನ, 96 ಗಂಟೆ. ಜಾಬ್ ಬದಲಾದಾಗ ಮಷಿನ್ ಸೆಟ್ಟಿಂಗ್‌ಗೆ 16 ಹೋಗಿ 80 ಉಳೀತಾವ. ಬೆಂಚ್ ಒಂದು ಪಾಳಿ, 48 ಗಂಟೆ. ಸದ್ಯ ವಾರಕ್ಕ ಗೇಟ್ 90, ಗ್ಲೋಬ್ 20 ಹೊರಗ ಹೋಗ್ತಾವ. ಅಂದ್ರ ₹68,000. ಇದರಾಗ ಪಗಾರ, ಬಾಡಿಗಿ ಕಳೀಬೇಕು.

ವಿದ್ಯಾನಗರ ಮೇಡಂ

ಚೆನ್ನಾಗಿ ಬರೆದಿದ್ದೀರಿ. ಈಗ ನೋಡಿ.

ವಾರಕ್ಕೆ ಗೇಟ್ ಎಷ್ಟು, ಗ್ಲೋಬ್ ಎಷ್ಟು ಅನ್ನೋದು ನಿಮ್ಮ ಕೈಯಲ್ಲಿರುವ ನಿರ್ಧಾರ. ಲೇಥ್ 4,800 ನಿಮಿಷ ದಾಟೋ ಹಾಗಿಲ್ಲ, ಬೆಂಚ್ 2,880 ದಾಟೋ ಹಾಗಿಲ್ಲ. ಬರೀ ಗೇಟ್ ಮಾಡಿದರೆ 120 ಆಗುತ್ತವೆ, ₹72,000. ಬರೀ ಗ್ಲೋಬ್ ಮಾಡಿದರೆ 96, ₹67,200. ಎರಡು ಮಿತಿಗಳ ಗೆರೆ ಗ್ರಾಫ್ ಹಾಳೆಯ ಮೇಲೆ ಎಳೆದರೆ ಅವು ಕೂಡುವ ಮೂಲೆಯಲ್ಲಿ ಗೇಟ್ 96, ಗ್ಲೋಬ್ 32 ಸಿಗುತ್ತವೆ. ಅಲ್ಲಿ ₹80,000. ಮಷಿನ್ ತರದೆ, ಒಂದು ನಿಮಿಷ ಓಟಿ (ಓವರ್‌ಟೈಮ್) ಮಾಡದೆ, ಇರೋ ಗಂಟೆಗಳನ್ನ ಪೂರ್ತಿ ಬಳಸಿ ಮಿಶ್ರಣ ಸರಿ ಮಾಡಿದ್ದಕ್ಕೆ ವಾರಕ್ಕೆ ₹12,000 ಹೆಚ್ಚು.

ಇದೇ ಲೀನಿಯರ್ ಪ್ರೋಗ್ರಾಮಿಂಗ್. ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ವಿಧಾನ ಕೊಟ್ಟರು. ಎರಡೇ ಮಾಲು ಇದ್ದರೆ ಗ್ರಾಫ್ ಹಾಳೆ ಸಾಕು. ಹತ್ತು ಮಾಲು, ಎಂಟು ಮಷಿನ್ ಆದರೆ ಎಕ್ಸೆಲ್‌ನ ಸಾಲ್ವರ್ ಮಾಡಿಕೊಡುತ್ತದೆ. ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸ್‌ನಲ್ಲೂ ಇದೆ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಆ 96, 32ರಲ್ಲಿ ಇಲ್ಲ. ಅದರ ಹಿಂದಿರುವ ಇನ್ನೊಂದು ಲೆಕ್ಕದಲ್ಲಿದೆ. ಪ್ರತಿಯೊಂದು ಮಿತಿಗೂ ಒಂದು ಬೆಲೆ ಹುಟ್ಟುತ್ತದೆ: ಆ ಜಾಗದಲ್ಲಿ ಇನ್ನೊಂದು ಗಂಟೆ ಸಿಕ್ಕರೆ ಎಷ್ಟು ಹೆಚ್ಚಿಗೆ ಉಳಿಯುತ್ತದೆ? ಶ್ಯಾಡೋ ಪ್ರೈಸ್ ಅಂತಾರೆ, ನಾನು ತರಗತಿಯಲ್ಲಿ ನೆರಳು ಬೆಲೆ ಅಂತೀನಿ. ನಿಮ್ಮ ಅಂಕಿಗಳಲ್ಲಿ ಲೇಥ್‌ನ ಒಂದು ಗಂಟೆಯ ಬೆಲೆ ₹400. ಟೆಸ್ಟ್ ಬೆಂಚ್‌ನ ಒಂದು ಗಂಟೆಯ ಬೆಲೆ ₹1,000. ತಾಳೆ ನೋಡಿಕೊಳ್ಳಿ: 80 ಗಂಟೆಗೆ ₹32,000, 48 ಗಂಟೆಗೆ ₹48,000, ಕೂಡಿಸಿದರೆ ಅದೇ ₹80,000.

ನೀವು 22 ಲಕ್ಷ ಹಾಕಲು ಹೊರಟಿರೋದು ಕಡಿಮೆ ಬೆಲೆಯ ಗಂಟೆ ಕೊಳ್ಳೋಕೆ, ಸರ್.

ತಾರಿಹಾಳ ವಾಲ್ವ್

ಮೇಡಮ್ಮಾರ, ಇದನ್ನ ನಾಲ್ಕು ಸಲ ಓದಿದೆ. ಆದ್ರ ರಾಶಿ ಬಿದ್ದಿರೋದು ಲೇಥ್ ಮುಂದಲ್ರೀ? ಬೆಂಚ್ ಮುಂದ ಏನೂ ಕಾಣಂಗಿಲ್ಲ.

ಗದಗ ರೋಡ್ ರಿಟೈರ್ಡ್

ತಮ್ಮಾ, ನಾ ರೈಲ್ವೆ ವರ್ಕ್‌ಶಾಪ್‌ನಾಗ ಮೂವತ್ತೆರಡು ವರ್ಷ ಮಷಿನ್ ಶಾಪ್ ಕೆಲಸ ಮಾಡಿದಂವ. ಒಂದು ಮಾತು ಕೇಳ್ತೀನಿ. ಕಾಸ್ಟಿಂಗ್ ಟೆಂಪೋ ಎಷ್ಟು ದಿನಕ್ಕೊಮ್ಮೆ ಬರ್ತೈತಿ? ಒಮ್ಮೆಗೆ ಎಷ್ಟು ಇಳಸ್ತೀ?

ಇನ್ನೊಂದು. ಬೆಂಚ್ ಟೇಬಲ್ ಕೆಳಗ ಬಗ್ಗಿ ನೋಡು. ಟರ್ನಿಂಗ್ ಮುಗಿದ ಬಾಡಿ ಎಣ್ಣಿ ಹಚ್ಚಿ ಕ್ರೇಟ್‌ನಾಗ ಇಟ್ಟಿರ್ತಾರ. ಎದ್ದು ಕಾಣಂಗಿಲ್ಲ.

ತಾರಿಹಾಳ ವಾಲ್ವ್

ಕಾಕಾ, ನೀವು ಹೇಳಿದ್ದು ಖರೇ. ಟೇಬಲ್ ಕೆಳಗ, ಗ್ವಾಡಿ ಮೂಲ್ಯಾಗ ಕ್ರೇಟ್ ಎಳೆದು ಎಣಿಸಿದೆ: 60 ಬಾಡಿ. ಒಂದೊಂದರ ಮ್ಯಾಲೂ ನಮ್ಮ ಹುಡುಗ ಚಾಕ್‌ಪೀಸ್‌ನಿಂದ ತಾರೀಖು ಬರ್ದಾನ. ಒಂಬತ್ತು ದಿನ ಹಳೇದೂ ಒಂದು ಸಿಕ್ತು. ದಿನಾ ಅದರ ಪಕ್ಕದಾಗ ಅಡ್ಡಾಡ್ತೀನಿ, ಕಣ್ಣಿಗೆ ಬಿದ್ದಿದ್ದಿಲ್ಲ.

ಟೆಂಪೋ ತಿಂಗಳಿಗೊಮ್ಮೆ. ಟ್ರಿಪ್ ಉಳೀತೈತಿ ಅಂತ ಒಮ್ಮೆಗೆ 600 ಇಳಸ್ತೀವಿ.

ವಿದ್ಯಾನಗರ ಮೇಡಂ

ಹಿರಿಯರ ಕಣ್ಣು ನೋಡಿ! ಲೇಥ್ ಮುಂದಿನ ರಾಶಿ ಲೇಥ್ ನಿಧಾನ ಅನ್ನೋದಕ್ಕೆ ಸಾಕ್ಷಿ ಅಲ್ಲ, ಟೆಂಪೋ ದೊಡ್ಡದು ಅನ್ನೋದಕ್ಕೆ ಸಾಕ್ಷಿ.

ಆ 60 ಬಾಡಿ ಎಷ್ಟು ದಿನ ಕಾಯುತ್ತವೆ ಅಂತ ಹೇಳೋಕೆ ತಾರೀಖು ಕೂಡ ಬೇಕಿಲ್ಲ. ಜಾನ್ ಲಿಟಲ್ ಅನ್ನೋವರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮ ಇದೆ: ಕಾಯ್ತಿರೋ ಸಂಖ್ಯೆಯನ್ನು ಹೊರಗೆ ಹೋಗುವ ವೇಗದಿಂದ ಭಾಗಿಸಿದರೆ ಸರಾಸರಿ ಕಾಯುವ ಸಮಯ ಸಿಗುತ್ತದೆ. ವಾರಕ್ಕೆ 110 ಹೋಗ್ತಿವೆ, ಕಾಯ್ತಿರೋದು 60. ಆರು ದಿನದ ವಾರದಲ್ಲಿ ಮೂರು ದಿನಕ್ಕಿಂತ ಹೆಚ್ಚು. ಗಿರಾಕಿಗೆ ಆಗ್ತಿರೋ ತಡದಲ್ಲಿ ಮೂರು ದಿನ ಆ ಟೇಬಲ್ ಕೆಳಗೆ ಕೂತಿದೆ.

ಬೇಲೂರು ಪ್ಲಾನಿಂಗ್

ಮೇಡಂ, ನಾನು ಮೊದಲು ಹೇಳಿದ ಮಾತು ವಾಪಸ್ ತಗೋತೀನಿ. ರಾಶಿ ನೋಡಿ ಹೇಳಿಬಿಟ್ಟೆ. ಆ 600ರ ಲೆಕ್ಕ ನಾ ಮಾಡ್ತೀನಿ, ಅದು ನನ್ನ ದಿನದ ಕೆಲಸ.

ಅಣ್ಣಾ, ವರ್ಷಕ್ಕ 6,400 ಕಾಸ್ಟಿಂಗ್ ಅಂತ ಹಿಡೀರಿ. ಟೆಂಪೋ ಬಾಡಿಗಿ, ಇಳಿಸೋ ಕೂಲಿ, ತಪಾಸಣಿ ಸೇರಿ ಒಂದು ಸಲಕ್ಕ ₹1,250. ಒಂದು ಕಾಸ್ಟಿಂಗ್ ₹500, ಅದನ್ನ ವರ್ಷ ಇಟ್ಕೊಂಡ್ರ ಬಡ್ಡಿ, ಜಾಗ, ತುಕ್ಕು ಸೇರಿ ಶೇ. 20, ಅಂದ್ರ ₹100. ಎರಡು ಗುಣಿಸು 6,400 ಗುಣಿಸು 1,250, ಅದನ್ನ 100ರಿಂದ ಭಾಗಿಸಿ ವರ್ಗಮೂಲ ತಗದ್ರ ಖರ್ಚು ಎಲ್ಲಾಕಿಂತ ಕಡಿಮಿ ಆಗಾಕ ಒಮ್ಮೆಗೆ ತರಿಸಬೇಕಾದ್ದು ಸರಿಯಾಗಿ 400. ಫೋರ್ಡ್ ಹ್ಯಾರಿಸ್ 1913ರಾಗ ಬರೆದ ಸೂತ್ರ ಇದು, ಇವತ್ತಿಗೂ ನಡೀತೈತಿ. 400ರಂತೆ ತರಿಸಿದ್ರ ವರ್ಷದ ಖರ್ಚು ₹40,000. 600ರಂತೆ ತರಿಸಿದ್ರ ₹43,300 ಚಿಲ್ಲರೆ. ದೊಡ್ಡ ವ್ಯತ್ಯಾಸ ಅಲ್ಲ, ಈ ಗೆರಿ ತಳದಾಗ ಭಾಳ ಚಪ್ಪಟಿ. ಹಂಗಾಗಿ 400ಕ್ಕ ಇಳಸ್ರಿ ಅಂತೀನಿ, ಆದ್ರ ಅದು ರೊಕ್ಕ ಉಳಿಸಾಕಲ್ಲ. ರಾಶಿ ಸಣ್ಣದಾದ್ರ ಖರೇ ತೊಂದ್ರೆ ಎಲ್ಲೈತಿ ಅನ್ನೋದು ಕಣ್ಣಿಗೆ ಕಾಣ್ತೈತಿ.

ತಾರಿಹಾಳ ವಾಲ್ವ್

ಹಂಗಾದ್ರ ಬೆಂಚ್‌ಗೆ ಅರ್ಧ ಪಾಳಿ ಜಾಸ್ತಿ ಹಾಕಿದ್ರ? ವಾರಕ್ಕ 24 ಗಂಟೆ, ಗಂಟೆಗೆ ₹1,000, ಅಂದ್ರ ₹24,000 ಬರ್ತೈತಲ್ರಿ ಮೇಡಮ್ಮಾರ?

ವಿದ್ಯಾನಗರ ಮೇಡಂ

ಹಾಳೆಯ ಮೇಲೆ ಬರುತ್ತದೆ. ಆಗ ಗೇಟ್ 24, ಗ್ಲೋಬ್ 128 ಮಾಡಬೇಕಾಗುತ್ತದೆ. ವಾರಕ್ಕೆ 128 ಗ್ಲೋಬ್ ಯಾರು ತಗೋತಾರೆ?

ತಾರಿಹಾಳ ವಾಲ್ವ್

ಯಾರೂ ಇಲ್ರಿ. ಗ್ಲೋಬ್ ಹೆಚ್ಚಂದ್ರ 60. ಗೇಟ್ 110ರ ತನಕ ಹೋಗ್ತಾವ.

ವಿದ್ಯಾನಗರ ಮೇಡಂ

ಅದನ್ನೇ ಮೊದಲು ಕೇಳಬೇಕಿತ್ತು, ನನ್ನ ತಪ್ಪು. ಮಾರುಕಟ್ಟೆಯೂ ಒಂದು ಮಷಿನ್ ಇದ್ದ ಹಾಗೆ, ಅದಕ್ಕೂ ಮಿತಿ ಇದೆ. 60 ಗ್ಲೋಬ್ ಅಂತ ಹಾಕಿದರೆ ಬೆಂಚ್‌ಗೆ ಬೇಕಾಗೋದು 55 ಗಂಟೆ. ಅಂದರೆ ಮೊದಲ 7 ಗಂಟೆ ಮಾತ್ರ ಸಾವಿರ ರೂಪಾಯಿಯವು. ಆಗ ಗೇಟ್ 75, ಗ್ಲೋಬ್ 60, ಒಟ್ಟು ₹87,000. ಅಲ್ಲಿಂದ ಮುಂದೆ ಬೆಂಚ್ ಮೇಲೆ ಎಷ್ಟೇ ಓಟಿ ಹಾಕಿದರೂ ಒಂದು ರೂಪಾಯಿ ಹುಟ್ಟೋದಿಲ್ಲ. ಆಗ ಕಟ್ಟಿ ಹಾಕೋದು ಲೇಥ್. ಆ ಹಂತದಲ್ಲಿ ಲೇಥ್‌ನ ಒಂದು ಗಂಟೆ ಜೊತೆಗೆ ಬೆಂಚ್‌ನ ಅರ್ಧ ಗಂಟೆ ಸೇರಿದರೆ ಒಂದೂವರೆ ಗೇಟ್ ವಾಲ್ವ್, ₹900.

ಇದನ್ನ ನಮ್ಮ ಹುಡುಗರಿಗೆ ಪ್ರತಿ ವರ್ಷ ಒತ್ತಿ ಹೇಳ್ತೀನಿ. ನೆರಳು ಬೆಲೆ ಒಂದು ಮಿತಿಯ ಒಳಗೆ ಮಾತ್ರ ನಿಜ. ಸ್ವಲ್ಪ ದೂರ ಹೋದರೆ ಇಕ್ಕಟ್ಟು ಬೇರೆ ಜಾಗಕ್ಕೆ ಹಾರುತ್ತದೆ. ಪರೀಕ್ಷೆಯಲ್ಲಿ 'ಗರಿಷ್ಠ ಲಾಭ ಎಷ್ಟು' ಅಂತ ಬರೆದು ಬಾಕ್ಸ್ ಹಾಕ್ತಾರೆ, ಯಾವ ಗಂಟೆಗೆ ಯಾವ ಬೆಲೆ ಅನ್ನೋದನ್ನ ಓದೋದೇ ಇಲ್ಲ. ನನಗೆ ಅದು ಬಹಳ ಬೇಸರದ ವಿಷಯ. ರಷ್ಯಾದ ಕಾಂಟೊರೊವಿಚ್ 1939ರಲ್ಲಿ ಪ್ಲೈವುಡ್ ಕಾರ್ಖಾನೆಯವರು ತಂದ ಒಂದು ಪ್ರಶ್ನೆಯಿಂದ ಶುರು ಮಾಡಿ ಈ ಬೆಲೆಗಳನ್ನೇ ಹುಡುಕಿ ತೆಗೆದರು. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದು ಶುರುವಾಗಿದ್ದು ನಿಮ್ಮಂಥದ್ದೇ ಪ್ರಶ್ನೆಯಿಂದ: ಯಾವ ಮಷಿನ್ ಮೇಲೆ ಯಾವ ಕೆಲಸ ಎಷ್ಟು ಹೊತ್ತು?

ಬ್ಯಾಡಗಿ ಕಾಟಾ

ನಾನು ಹಾವೇರಿ ಜಿಲ್ಲಾದಂವ, ಬ್ಯಾಡಗಿಯೊಳಗ ಲಾರಿ ಕಾಟಾ ನಡಸ್ತೀನಿ. ಮೇಡಂ, ನಿಮ್ಮ ಲೆಕ್ಕ ಚಲೋ ಐತಿ, ಆದ್ರ ಒಂದು ಕಡೆ ನನಗ ಅಂಜಿಕಿ ಬರ್ತೈತಿ. ಲೇಥ್ 80ಕ್ಕ 80, ಬೆಂಚ್ 48ಕ್ಕ 48. ಒಂದು ನಿಮಿಷ ಖಾಲಿ ಇಲ್ಲ. ಹಂಗ ನಡ್ಯಂಗಿಲ್ಲ.

ನನ್ನ ಕಾಟಾ ಕಥಿ ಹೇಳ್ತೀನಿ. ಮೆಣಸಿನಕಾಯಿ ಸೀಜನ್ ಅಂದ್ರ ಲಾರಿ, ಟ್ರ್ಯಾಕ್ಟರ್, ಟಾಟಾ ಏಸ್ ಎಲ್ಲಾ ಒಮ್ಮೆಲೇ. ಒಂದು ಗಾಡಿ ಏರಿ, ತೂಕ ಆಗಿ, ಚೀಟಿ ಹರಿದು ಇಳಿಯಾಕ ಸರಾಸರಿ ಐದು ನಿಮಿಷ. ಗಂಟೆಗೆ 12. ಗಂಟೆಗೆ 9 ಗಾಡಿ ಬಂದ್ರ ಬಂದಾಗಿಂದ ಹೋಗೋ ತನಕ ಸರಾಸರಿ 20 ನಿಮಿಷ. 10 ಬಂದ್ರ ಅರ್ಧ ತಾಸು. 11 ಬಂದ್ರ ಒಂದು ತಾಸು. ಒಂದೊಂದ ಗಾಡಿ ಜಾಸ್ತಿ ಆದ್ರ ಇಷ್ಟು. 12ಕ್ಕ 12 ಬಂದ್ರ ಸಾಲು ಮುಗಿಯಂಗ ಇಲ್ಲ. ನನ್ನ ಮಗಳು ಬಿಇ ಓದಾಕತ್ತಾಳ, ಆಕಿ ಕ್ಯೂಯಿಂಗ್ ಥಿಯರಿ ಅಂತ ಈ ಲೆಕ್ಕ ತೋರಿಸಿದ್ಲು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎರ್ಲಾಂಗ್ ಅನ್ನೋರು 1909ರಾಗ ಶುರು ಮಾಡಿದ್ದಂತ. ಒಂದು ಇಡೀ ಸೀಜನ್ ನಾವಿಬ್ಬರೂ ಚೀಟಿ ಹೊತ್ತು ನೋಡಿ ತಾಳೆ ಹಾಕಿದ್ವಿ. ಗೆರಿ ಹಂಗ ಏರ್ತೈತಿ, ಸುಳ್ಳಲ್ಲ.

ಕಾರಣ ಏನಂದ್ರ ಗಾಡಿ ಗಡಿಯಾರ ನೋಡ್ಕೊಂಡು ಬರಂಗಿಲ್ಲ. ನಡಕ ಐದು ನಿಮಿಷ ಖಾಲಿ ಹೋದ್ರ ಅದು ಹೋತು, ಆಮ್ಯಾಲ ಐದು ಗಾಡಿ ಒಮ್ಮೆ ಬಂದಾಗ ಆ ಖಾಲಿ ಟೈಮ್ ವಾಪಸ್ ಸಿಗಂಗಿಲ್ಲ. ನಿಮ್ಮ ಬೆಂಚ್‌ನೂ ಅಷ್ಟ. ಇಕ್ಕಟ್ಟಿನ ಜಾಗದಾಗ ಸ್ವಲ್ಪ ಉಸಿರು ಬಿಡಾಕ ಜಾಗ ಇಡ್ರಿ, ತಾರಿಹಾಳ ಅಣ್ಣಾರ.

ವಿದ್ಯಾನಗರ ಮೇಡಂ

ಬ್ಯಾಡಗಿ ಸರ್, ನೀವು ಹೇಳಿದ್ದು ಪೂರ್ತಿ ಸರಿ. ಲೀನಿಯರ್ ಪ್ರೋಗ್ರಾಮಿಂಗ್‌ಗೆ ಏರುಪೇರು ಗೊತ್ತಿಲ್ಲ, ಪ್ರತಿ ವಾಲ್ವ್ ಸರಿಯಾಗಿ 20 ನಿಮಿಷ ಅಂತ ನಂಬುತ್ತದೆ. ಎರಡು ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನಿಮ್ಮ ಮಗಳಿಗೆ ನನ್ನ ಶುಭಾಶಯ ಹೇಳಿ. ಒಂದು ಸೀಜನ್ ಚೀಟಿ ತಾಳೆ ಹಾಕೋದು ದೊಡ್ಡ ಕೆಲಸ.

ಗದಗ ರೋಡ್ ರಿಟೈರ್ಡ್

ತಮ್ಮಾ, ಲೇಥ್ ಸೆಟ್ಟಿಂಗ್‌ಗೆ ವಾರಕ್ಕ 16 ತಾಸು ಅಂದಿ. ಅದು ಭಾಳ ಆತು. ಮಷಿನ್ ನಿಂತಾಗ ಏನೇನು ಮಾಡ್ತಾರ ನೋಡು. ಸಾಫ್ಟ್ ಜಾ (ಜಾಬ್ ಹಿಡಿಯೋ ದವಡಿ) ಹುಡಕೋದು, ಇನ್ಸರ್ಟ್ (ಕೊರೆಯೋ ತುದಿ) ತರಾಕ ಸ್ಟೋರ್‌ಗೆ ಹೋಗೋದು, ಡ್ರಾಯಿಂಗ್ ಹುಡಕೋದು, ಇವೆಲ್ಲಾ ಹಿಂದಿನ ಜಾಬ್ ನಡೆಯೋವಾಗಲೇ ಆಗಬೇಕು. ಒಂದು ಟ್ರಾಲಿ ಮಾಡು, ಮುಂದಿನ ಜಾಬ್‌ನ ಜಾ, ಟೂಲ್ ಹೋಲ್ಡರ್, ಗೇಜ್, ಪ್ರೋಗ್ರಾಮ್ ನಂಬರ್ ಎಲ್ಲಾ ಅದರ ಮ್ಯಾಲ ಇರ್ಲಿ. ಮಷಿನ್ ನಿಂತ ಮ್ಯಾಲ ಬರೀ ಬಿಚ್ಚೋದು, ಕಟ್ಟೋದು, ಆಫ್‌ಸೆಟ್ (ಟೂಲ್ ತುದಿ ಅಳತಿ) ಮುಟ್ಟಿಸೋದು.

ಬೆಂಚ್ ಅಜ್ಜಾರ ಹತ್ರ ಹೋಗಿ ಕುಂದ್ರು. ಅವರಿಗೆ ಗಡಿಯಾರ ತೋರಿಸಬ್ಯಾಡ. ಚಾ ಕುಡಕೋತ ಕೇಳು, ಯಾವುದಕ್ಕ ಹೊತ್ತು ಹಿಡೀತೈತಿ ಅಂತ.

ಧಾರವಾಡ ಸಪ್ತಾಪುರ

ನಾನು ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ನೋಡೋನು. ಮಷಿನ್ ಮಾರೋರು 'ದೊಡ್ಡ ಆರ್ಡರ್' ಅಂದಾರಲ್ಲ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ಅದು ಬರ್ತದೋ ಇಲ್ಲೋ ಅನ್ನೋದ ಇಲ್ಲಿ ಮುಖ್ಯ ಅದ.

ಅಂದಾಜು ಹಿಂಗ ಇಡ್ರಿ. ಆರ್ಡರ್ ಬಂದ್ರ ಹೊಸ ಲೇಥ್ ಕಂತು, ಆಪರೇಟರ್ ಪಗಾರ ಎಲ್ಲಾ ಕಳೆದು ವರ್ಷಕ್ಕ 10 ಲಕ್ಷ ಉಳಿಸ್ತದ. ಬರಲಿಲ್ಲ ಅಂದ್ರ 4 ಲಕ್ಷ ಕೈಯಿಂದ ಹೋಗ್ತದ. ಮಷಿನ್ ತಗೊಳ್ಳದೆ ಹೆಚ್ಚಿನ ಟರ್ನಿಂಗ್ ಹೊರಗ ಜಾಬ್ ವರ್ಕ್ ಕೊಟ್ರ, ಆರ್ಡರ್ ಬಂದಾಗ 7 ಲಕ್ಷ ಉಳೀತದ, ಬರದಿದ್ರ ಲಾಭನೂ ಇಲ್ಲ, ನಷ್ಟನೂ ಇಲ್ಲ. ಎರಡೂ ದಾರಿ ಸಮ ಆಗೋದು ಆರ್ಡರ್ ಬರೋ ಸಾಧ್ಯತೆ ಏಳರಲ್ಲಿ ನಾಲ್ಕು ಇದ್ದಾಗ. ನೂರಕ್ಕ 57.

ಇದನ್ನ ಡಿಸಿಷನ್ ಟ್ರೀ ಅಂತಾರ. 'ಆರ್ಡರ್ ಬರೋ ಸಾಧ್ಯತೆ ಎಷ್ಟು' ಅಂತ ಕೇಳಿದ್ರ ಯಾರೂ ನೆಟ್ಟಗ ಹೇಳಂಗಿಲ್ಲ. ಅದಕ್ಕ ನಾನು ಪ್ರಶ್ನೆ ತಿರುವಿ ಕೇಳ್ತೀನಿ: 57ಕ್ಕಿಂತ ಜಾಸ್ತಿ ಅಂತ ನಿಮಗ ಧೈರ್ಯ ಅದ ಏನು? ಮಾರೋರ ಬಾಯಿ ಮಾತು ಬಿಟ್ಟು ನಿಮ್ಮ ಕೈಯಾಗ ಏನರ ಕಾಗದ ಅದ ಏನು?

ತಾರಿಹಾಳ ವಾಲ್ವ್

ಕಾಗದ ಇಲ್ರಿ ಸಾಹೇಬ್ರ. ಧೈರ್ಯ ಕೇಳಿದ್ರ ನೂರಕ್ಕ 30. ಇದನ್ನ ರಾತ್ರಿ ಊಟಕ್ಕ ಕುಂತಾಗ ತಮ್ಮಗ ಕೇಳಿದೆ. ಭಾಳ ಹೊತ್ತು ಸುಮ್ನಿದ್ದು "40" ಅಂದ. ಅಪ್ಪಾರು ಮುಖ ಎತ್ತಿ ನೋಡಿದ್ರು. ಮೂರು ತಿಂಗಳಿಂದ ಇಬ್ಬರೂ ಒಂದ ಕಡೆ ನಿಂತಿದ್ದು ಅವತ್ತ ಮೊದಲು.

ಬೇಲೂರು ಪ್ಲಾನಿಂಗ್

ಏನಾತು ಅಂತ ಇಲ್ಲೇ ಬರೀರಿ ಅಣ್ಣಾ. ನಮಗೂ ಕಲಿಯಾಕ ಬೇಕು.

ತಾರಿಹಾಳ ವಾಲ್ವ್

ಆರು ವಾರ ಆತು. ಎಲ್ಲಾರೂ ಇಷ್ಟು ಹೊತ್ತು ಕೊಟ್ಟೀರಿ, ಹಂಗಾಗಿ ಪೂರ್ತಿ ಬರೀತೀನಿ.

ಕಾಕಾ ಹೇಳಿದಂಗ ಬೆಂಚ್ ಅಜ್ಜಾರ ಹತ್ರ ಎರಡು ದಿನ ಕುಂತೆ. ಎರಡಿಂಚಿನ ವಾಲ್ವ್‌ಗೆ ಒತ್ತಡ ಹಿಡಿಯೋದು ಸ್ಟ್ಯಾಂಡರ್ಡ್ ಪ್ರಕಾರ 15 ಸೆಕೆಂಡ್: ಬಾಡಿಗೆ ವಾಲ್ವ್‌ನ ರೇಟೆಡ್ ಒತ್ತಡದ ಒಂದೂವರೆ ಪಟ್ಟಿನಾಗ, ಸೀಟಿಗೆ (ವಾಲ್ವ್ ಮುಚ್ಚೋ ಜಾಗಕ್ಕ) 1.1 ಪಟ್ಟಿನಾಗ. ಅಂದ್ರ ಖರೇ ಟೆಸ್ಟ್ ಒಂದು ನಿಮಿಷನೂ ಅಲ್ಲ! ಉಳಿದ ಹೊತ್ತು ಫ್ಲ್ಯಾಂಜ್ ಕಟ್ಟೋದು, ನೀರು ತುಂಬೋದು, ಗಾಳಿ ಹೊರಗ ಬಿಡೋದು, ಬಿಚ್ಚಿ ಒರೆಸಿ ಟ್ಯಾಗ್ ಹಾಕೋದು. ಆ 15 ಸೆಕೆಂಡ್ ನಾವು ಮುಟ್ಟಲಿಲ್ಲ, ಮುಟ್ಟಂಗೂ ಇಲ್ಲ. ಸೋರೋ ವಾಲ್ವ್ ಹೊರಗ ಹೋದ್ರ ಎಲ್ಲಾ ಲೆಕ್ಕ ಅಷ್ಟಕ್ಕ ಮುಗೀತು.

ಅಜ್ಜಾರ ಹೇಳಿದ್ದು ಬ್ಯಾರೆ. "ಲ್ಯಾಪಿಂಗ್ ನಂದಲ್ಲ ತಮ್ಮಾ, ಹಳೇ ಹುಡುಗ ಬಿಟ್ಟು ಹೋದಾಗ ನಾನ ತಗೊಂಡೆ" ಅಂದ್ರು. ನಾಲ್ಕು ವರ್ಷ ಆಗಿತ್ತಂತ, ನಾನು ಕೇಳಿದ್ದಿಲ್ಲ. ಗ್ಲೋಬ್ ಡಿಸ್ಕ್ ಲ್ಯಾಪಿಂಗ್‌ಗೆ ಬ್ಯಾರೆ ಸ್ಟ್ಯಾಂಡ್ ಮಾಡಿ ಅಸೆಂಬ್ಲಿ ಹುಡುಗನ್ನ ಕುಂದ್ರಿಸಿದೆ, ಅಜ್ಜಾರ ಅವಗ ಕಲಿಸಿದ್ರು. ಗ್ಲೋಬ್‌ಗೂ ಬೆಂಚ್ ಮ್ಯಾಲ 20 ನಿಮಿಷಕ್ಕ ಬಂತು. ಗೇಟ್ 75, ಗ್ಲೋಬ್ 60 ಮಾಡಾಕ ಈಗ ಬೆಂಚ್‌ಗೆ 45 ಗಂಟೆ ಸಾಕು. ಓಟಿ ಬ್ಯಾಡ, 3 ಗಂಟೆ ಉಳೀತು.

ಲೇಥ್ ಟ್ರಾಲಿ ಮಾಡಿದ್ವಿ. ಸೆಟ್ಟಿಂಗ್ 16 ಗಂಟೆಯಿಂದ 10ಕ್ಕ ಇಳೀತು. ಆ 6 ಗಂಟೆಯಾಗ ಇನ್ನ 9 ಗೇಟ್ ಆಗ್ತಾವ, ಆದ್ರ ಅವಕ್ಕ ಬೆಂಚ್‌ನಾಗ ಬೇಕಾಗೋದು ಸರಿಯಾಗಿ ಅದ 3 ಗಂಟೆ. ತಮ್ಮ ಅವನ್ನೂ ಹಾಕೋಣು ಅಂದ. ಒಂದು ವಾರ ಹಾಕಿದ್ವಿ, ಬೆಂಚ್ ಪೂರಾ ತುಂಬಿತು. ಗುರುವಾರ ಪಂಪ್ ಸೀಲ್ ಹೋಗಿ ಎರಡು ತಾಸು ನಿಂತಿದ್ದಕ್ಕ ಶನಿವಾರ ಸಂಜಿಗೆ ಕ್ರೇಟ್‌ನಾಗ ಮತ್ತ 31 ಬಾಡಿ. ಬ್ಯಾಡಗಿ ಅಣ್ಣಾರ ಮಾತು ಅವತ್ತು ಕಣ್ಣಿಗೆ ಕಟ್ಟಿದಂಗ ಕಂಡಿತು. ಈಗ 3 ಗಂಟೆ ಖಾಲಿ ಬಿಟ್ಟೀವಿ. ವಾರಕ್ಕ 130ರ ಆಸುಪಾಸು ಹೊರಗ ಹೋಗ್ತಾವ, ಕ್ರೇಟ್‌ನಾಗ 20 ದಾಟಂಗಿಲ್ಲ. ಲೇಥ್‌ನಾಗ ಉಳಿದ 6 ಗಂಟೆಯಾಗ ಅಜ್ಜಾರ ಮಗ ಟರ್ನಿಂಗ್ ಕಲಿಯಾಕ ಹತ್ಯಾನ.

ಹೊಸ ಮಷಿನ್ ಕೊಟೇಶನ್ ಡ್ರಾಯರ್‌ನಾಗ ಐತಿ. ಹರಿದು ಒಗದಿಲ್ಲ. ಆರ್ಡರ್ ಕಾಗದ ಬಂದ ದಿನ ಸಪ್ತಾಪುರ ಸಾಹೇಬ್ರ 57 ಮತ್ತ ತಗದು ನೋಡ್ತೀವಿ.

ಕಾಕಾ, ಒಂದು ಕೇಳೋದೈತಿ. ಬೆಂಚ್‌ಗೆ ನೀರು ತುಂಬಾಕ ಈಗಲೂ ಆರು ನಿಮಿಷ ಹೊಕ್ಕೈತಿ. ಮ್ಯಾಲ ಒಂದು ಟ್ಯಾಂಕ್ ಇಟ್ಟು ಮೊದಲ ತುಂಬಿಸಿ, ಪಂಪ್‌ನಿಂದ ಬರೀ ಒತ್ತಡ ಏರಿಸಿದ್ರ ನಡೀತೈತೇನ್ರಿ? ಒಳಗ ಗಾಳಿ ಉಳಿಯೋ ಅಂಜಿಕಿ.

ಗದಗ ರೋಡ್ ರಿಟೈರ್ಡ್

ನಡೀತೈತಿ. ನೀರು ಕೆಳಗಿಂದ ಬರ್ಲಿ, ಗಾಳಿ ಬಿಡೋ ಕಾಕ್ ಎಲ್ಲಾಕಿಂತ ಮ್ಯಾಲ ಇರ್ಲಿ. ಕಾಕ್‌ನಿಂದ ಬುರುಬುರು ನಿಂತು ನೀರು ಸಣ್ಣಗ ಒಂದ ಧಾರಿ ಬರೋ ತನಕ ಮುಚ್ಚಬ್ಯಾಡ. ರವಿವಾರ ನನಗ ಬಿಡುವೈತಿ, ತಾರಿಹಾಳಕ್ಕ ಬರ್ತೀನಿ. ಅಜ್ಜಾರ ಇರ್ತಾರಲ್ಲ?